ಶತ್ರುಪ್ರೇಮವೂ ಸುರಪುರದ ಟೇಲರನೂ

ವೈರಿಯನ್ನೂ ಪ್ರೀತಿಸಬೇಕೆಂಬ ಯೇಸುವಿನ ಬೋಧೆ ಮತ್ತಾಯನ ಸುವಾರ್ತೆಯ 5ನೆಯ ಅಧ್ಯಾಯದಲ್ಲಿದೆ. ಮುನಿದವನಿಗೆ ಮರಳಿ ಮುನಿಯುವುದು ಆತ್ಮಹಾನಿಯೆಂದು ಬಸವಣ್ಣನವರೂ ಎಚ್ಚರಿಸಿದ್ದಾರೆ. ಈ ತತ್ತ್ವವು ಆಚರಣೆಯಲ್ಲಿ ಎಷ್ಟು ನಿಲ್ಲುವುದೆಂಬುದಕ್ಕೆ 1877ರಲ್ಲಿ ಪ್ರಕಟವಾದ ಮೆಡೋಸ್ ಟೇಲರನ ಆತ್ಮಕಥೆಯು ಒಂದು ಒರೆಗಲ್ಲು.

ಟೇಲರನು ಇಂದಿನ ಯಾದಗಿರಿ ಜಿಲ್ಲೆಗೆ ಸೇರಿದ ಸುರಪುರದ ಆಡಳಿತವನ್ನು 1853ರವರೆಗೆ ನೋಡಿಕೊಂಡವನು. ಬಾಲಕ ರಾಜಾ ವೆಂಕಟಪ್ಪನಾಯಕನಿಂದ ‘ಅಪ್ಪಾ’ ಎನಿಸಿಕೊಂಡವನು. 1858ರಲ್ಲಿ ಅದೇ ರಾಜನು ಆಂಗ್ಲರ ವಿರುದ್ಧ ಬಂಡೆದ್ದು ಸೆರೆಯಾದಾಗ, ಟೇಲರನು ಅವನನ್ನು ಸೆರೆಯಲ್ಲಿ ಕಂಡು ಮರುಗಿದನು. ಮರಣದಂಡನೆ ತಪ್ಪಿ ಶಿಕ್ಷೆಯು 4 ವರ್ಷದ ಸೆರೆಗಿಳಿಯಿತು. ಆದರೆ ಅಲ್ಲಿಗೊಯ್ಯುವ ದಾರಿಯಲ್ಲಿಯೇ ರಾಜನು ಗುಂಡಿನಿಂದ ಅಸುನೀಗಿದನು. ಸಂಸ್ಥಾನವು 1860ರಲ್ಲಿ ನಿಜಾಮನ ಪಾಲಾಯಿತು.

ಟೇಲರನ ಮರುಕವು ನಿಜವಾದುದು; ಆ ಪುಟಗಳನ್ನು ಓದಿದವರ ಮನವು ಕರಗದಿರದು. ಕೊರತೆಯಿರುವುದು ಬೇರೆಡೆ. ವೆಂಕಟಪ್ಪನಾಯಕನನ್ನು ದಾರಿ ತಪ್ಪಿದ ಮಗನೆಂದು ಕಂಡ ಲೇಖಕನು, ನಾಡಿಗಾಗಿ ನಿಂತ ಸಮಾನನೆಂದು ಕಾಣಲಾರದೆ ಹೋದನು. ಗೆದ್ದವನ ದಯೆಯು ಮೇಲಿನಿಂದ ಇಳಿಯುವ ದಾನ. ಯೇಸುವಾದರೋ ಬೋಧಿಸಿದ್ದು ರೋಮನ್ನರ ಆಳ್ವಿಕೆಯಲ್ಲಿ ನಲುಗಿದವರಿಗೆ. ಶರಣರ ದಯೆಯಲ್ಲಿಯೂ ಮೇಲು ಕೀಳೆಂಬುದಿಲ್ಲ. ಮುನಿಸನ್ನು ಗೆಲ್ಲುವುದು ಮೊದಲ ಹೆಜ್ಜೆ. ಗದ್ದುಗೆಯಿಂದಿಳಿದು ವೈರಿಯ ಪಕ್ಕದಲ್ಲಿ ಕೂಡುವುದು ಎರಡನೆಯದು. ಟೇಲರನು ಮೊದಲನೆಯದನ್ನು ಇಟ್ಟನು. ಎರಡನೆಯದು ಅವನ ಗ್ರಂಥದಲ್ಲಿ ದೊರೆಯದು.