ಕಿಣ್ವಗಳಿಗೆ ಮನಸೋತ ಡಾಕ್ಟರು

ನಮ್ಮ ಕೂಟದಲ್ಲಿ ಡಾಕ್ಟರುಗಳಿಗೆ ಬರವಿಲ್ಲ. ಆದರೆ ನಮ್ಮಲ್ಲಿ ಹೆಚ್ಚಿನವರಿಗೆ ಕಿಣ್ವವೆಂದರೆ ಲ್ಯಾಬ್ ರಿಪೋರ್ಟಿನಲ್ಲಿ ಬರುವ ಒಂದು ಅಂಕಿ, ಅಷ್ಟೆ. (ಕಿಣ್ವ ಅಂದರೆ ಎಂಜೈಮ್. ಎಂ.ಬಿ.ಬಿ.ಎಸ್. ಮೊದಲ ವರ್ಷ ಬಾಯಿಪಾಠ ಮಾಡಿ, ಪರೀಕ್ಷೆ ಮುಗಿದ ಸಂಜೆಯೇ ಮರೆತದ್ದು!) ಹಾಗಾಗಿ ಆರ್ಥರ್ ಕಾರ್ನ್‌ಬರ್ಗ್ ಅವರ ಆತ್ಮಕಥೆ ‘ಫಾರ್ ದಿ ಲವ್ ಆಫ್ ಎಂಜೈಮ್ಸ್’ (1989) ಓದಿದಾಗ ನಮಗೆ ಕೊಂಚ ನಾಚಿಕೆಯೇ ಆಯಿತು.

ಅವರೂ ಡಾಕ್ಟರೇ. 1941ರಲ್ಲಿ ಎಂ.ಡಿ. ಮುಗಿಸಿ, ಕೆಲಕಾಲ ಹಡಗಿನ ವೈದ್ಯರಾಗಿದ್ದು, ಅನಂತರ ಎನ್.ಐ.ಎಚ್.ನಲ್ಲಿ ಇಲಿಗಳ ಪೋಷಣೆಯ ಬಗ್ಗೆ ಪ್ರಯೋಗ ಮಾಡಿದರು. ಅದು ಸಾಕೆನಿಸಿ 1946ರಲ್ಲಿ ನ್ಯೂಯಾರ್ಕಿನಲ್ಲಿ ಸೆವೆರೊ ಒಚೋವಾ ಅವರ ಬಳಿ ಮತ್ತೆ ವಿದ್ಯಾರ್ಥಿಯಾದರು. ಬ್ಯಾಕ್ಟೀರಿಯಾಗಳನ್ನು ಒಡೆದು, ಆ ರಸವನ್ನು ಭಾಗ ಮಾಡುತ್ತಾ, ಯಾವ ಭಾಗದಲ್ಲಿ ಶಕ್ತಿ ಉಳಿದಿದೆಯೆಂದು ಪ್ರತಿ ಹಂತದಲ್ಲೂ ಅಳೆಯುವುದು. ವರ್ಷಗಟ್ಟಲೆ ಇದೇ ಕೆಲಸ. 1956ರಲ್ಲಿ ಸೇಂಟ್ ಲೂಯಿಯಲ್ಲಿ ಡಿ.ಎನ್.ಎ. ಕಟ್ಟುವ ಕಿಣ್ವ ಕೈಗೆ ಸಿಕ್ಕಿತು. ಪತ್ರಿಕೆಯವರು ಲೇಖನಗಳನ್ನು ಮೊದಲು ವಾಪಸು ಕಳಿಸಿದ್ದರು! 1959ರಲ್ಲಿ ಗುರುಶಿಷ್ಯರಿಬ್ಬರಿಗೂ ಒಟ್ಟಿಗೆ ನೊಬೆಲ್ ಬಂತು.

ನಮಗೆ ಮುಖ್ಯವೆನಿಸಿದ್ದು ಆಮೇಲಿನ ಕಥೆ. 1969ರಲ್ಲಿ ಜಾನ್ ಕೇರ್ನ್ಸ್ ಮತ್ತು ಪೌಲಾ ಡಿ ಲೂಸಿಯಾ ಒಂದು ಬ್ಯಾಕ್ಟೀರಿಯಾ ತಳಿ ಕಂಡುಹಿಡಿದರು. ಅದರಲ್ಲಿ ಈ ಕಿಣ್ವದ ಶಕ್ತಿ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಆದರೂ ಅದು ಹಾಯಾಗಿ ಬೆಳೆಯುತ್ತಿತ್ತು! ಹಾಗಾದರೆ ನೊಬೆಲ್ ತಂದ ಕಿಣ್ವ ಮಾಡುವುದೇನು? ಆಗ ನೆರವಿಗೆ ಬಂದವರು ಮಗ ಟಾಮ್. ಚೆಲ್ಲೊ ವಾದನ ಕಲಿಯುತ್ತಿದ್ದ ಹುಡುಗ, ಪ್ರಯೋಗಾಲಯಕ್ಕೆ ಹೊಸಬ. ಮಾಲ್ಕಮ್ ಗೆಫ್ಟರ್ ಜೊತೆ ಸೇರಿ ಎರಡನೆಯ, ಮೂರನೆಯ ಪಾಲಿಮರೇಸ್‌ಗಳನ್ನು ಹುಡುಕಿದರು. ವರ್ಣತಂತುವನ್ನು ನಕಲು ಮಾಡುವ ಮುಖ್ಯ ಕೆಲಸ ಮೂರನೆಯದರದ್ದು. ತಂದೆಯ ಕಿಣ್ವ ರಿಪೇರಿ ಮಾಡುತ್ತದೆ, ನಕಲಿನಲ್ಲಿ ಉಳಿದ ಸಂದುಗಳನ್ನು ತುಂಬುತ್ತದೆ.

ಈ ಘಟ್ಟದಲ್ಲಿ ಲೇಖಕರು ಇನ್ನಷ್ಟು ನಿಲ್ಲಬೇಕಿತ್ತೆಂಬುದು ನಮ್ಮ ಆಕ್ಷೇಪಣೆ. ಜಗತ್ತೇ ಹೊಗಳಿದ ಡಯಾಗ್ನೋಸಿಸ್ ಹತ್ತು ವರ್ಷಗಳ ಮೇಲೆ ಅರ್ಧ ಮಾತ್ರ ಸರಿಯೆಂದು ತಿಳಿದ ರಾತ್ರಿ ಹೇಗಿರುತ್ತದೆ? ವೈದ್ಯರಾದ ನಮಗೆ ಅದು ಬೇಕಿತ್ತು. ಪತ್ನಿ ಸಿಲ್ವಿಯೂ ಪ್ರಯೋಗಾಲಯದಲ್ಲಿ ಅವರೊಡನೆ ದುಡಿದ ವಿಜ್ಞಾನಿ. ಅವರ ವಿಷಯವೂ ಇನ್ನಷ್ಟು ಇರಬಹುದಿತ್ತು. ಇನ್ನೊಬ್ಬ ಮಗ ರೋಜರ್ 2006ರಲ್ಲಿ ನೊಬೆಲ್ ಪಡೆದದ್ದನ್ನು ಕಣ್ಣಾರೆ ಕಂಡು ಕಾರ್ನ್‌ಬರ್ಗ್ 2007ರಲ್ಲಿ ತೀರಿಕೊಂಡರು.

ಸೂತ್ರ, ಚಿತ್ರಗಳಿರುವ ಪುಟಗಳನ್ನು ಹಾರಿಸಿ ಓದಿದರೂ ನಷ್ಟವಿಲ್ಲ. ನಮ್ಮ ಪ್ರತಿ ಬೇಕಾದವರು ಮುಂದಿನ ಕೂಟದಲ್ಲಿ ಕೇಳಿ ಪಡೆಯಬಹುದು. ಅಂಚಿನ ಪೆನ್ಸಿಲ್ ಗೀಟುಗಳನ್ನು ದಯವಿಟ್ಟು ಅಳಿಸಬೇಡಿ.