ನಡುವಿನ ಪದಕ್ಕೆ ಎಷ್ಟು ಜಾಗ ಬೇಕು?

‘ಎ ಪ್ಲಸ್ ಬಿ ಹೋಲ್ ಸ್ಕ್ವೇರ್’ ಎಂದು ಯಾರಾದರೂ ಶುರು ಮಾಡಲಿ, ಹೈಸ್ಕೂಲು ಮೆಟ್ಟಿಲು ಹತ್ತಿದವರೆಲ್ಲ ‘ಎ ಸ್ಕ್ವೇರ್ ಪ್ಲಸ್ ಟೂ ಎಬಿ ಪ್ಲಸ್ ಬಿ ಸ್ಕ್ವೇರ್’ ಎಂದು ಮುಗಿಸುತ್ತಾರೆ. ಬಾಯಿ ತಪ್ಪುವುದಿಲ್ಲ. ಲೆಕ್ಕ ಬಿಡಿಸಲು ಕೂತಾಗ ಮಾತ್ರ ಅದೇ ಮಂದಿ ನಡುವಿನ ‘ಟೂ ಎಬಿ’ಯನ್ನು ನುಂಗಿಬಿಡುತ್ತಾರೆ. ಹಂಪಿ ಪಕ್ಕದ ಕಡ್ಡಿರಾಂಪುರದ ನಮ್ಮ ಓಣಿಯ ಹುಡುಗರು ಕೇಳುವುದೂ ಅದನ್ನೇ: ‘ಸಾರ್, ಎ ಸ್ಕ್ವೇರೂ ಐತಿ, ಬಿ ಸ್ಕ್ವೇರೂ ಐತಿ. ನಡುವ ಅದು ಯಾಕ ಬೇಕ್ರೀ?’

ಒಳ್ಳೆಯ ಪ್ರಶ್ನೆ. ಇದಕ್ಕೆ ಕರಿಹಲಗೆಗಿಂತ ಹಂಪಿಯ ರಾಣಿ ಸ್ನಾನಗೃಹ ಚೆನ್ನಾಗಿ ಉತ್ತರ ಕೊಡುತ್ತದೆ. ಹೊರಗಿನಿಂದ ಅದು ಬೋಳು ಗೋಡೆಯ ಚೌಕ, ಒಂದೊಂದು ಬದಿ ಸುಮಾರು 30 ಮೀಟರ್. ಒಳಗೆ ಆಕಾಶಕ್ಕೆ ತೆರೆದ ಕೊಳ. ಅದೂ ಚೌಕವೇ, ಬದಿ ಹೆಚ್ಚೂಕಡಿಮೆ 15 ಮೀಟರ್. ಸುತ್ತ ಕಮಾನುಗಳ ಮೊಗಸಾಲೆ, ಗೋಡೆಯೂ ಸೇರಿ ಎಲ್ಲ ಕಡೆ ಏಳೂವರೆ ಮೀಟರ್ ಎಂದಿಟ್ಟುಕೊಳ್ಳೋಣ. ಕೊಳದ ನೆಲ 225 ಚದರ ಮೀಟರ್. ಮೊಗಸಾಲೆಯ ನಾಲ್ಕು ಮೂಲೆಯ ಸಣ್ಣ ಚೌಕಗಳು ಸೇರಿ ಇನ್ನೊಂದು 225. ಎರಡೂ ಕೂಡಿದರೆ 450. ಕಟ್ಟಡ ನಿಂತಿರುವುದು 900ರ ಮೇಲೆ! ಉಳಿದ 450 ಎಲ್ಲಿ ಹೋಯಿತು? ಕೊಳದ ನಾಲ್ಕು ಪಕ್ಕಕ್ಕೂ ಮಲಗಿರುವ ಉದ್ದನೆಯ ಪಟ್ಟಿಗಳಲ್ಲಿದೆ, ಅಂದರೆ ಬಂದವರು ನಿಂತು ಕೊಳ ನೋಡುವ ಜಾಗದಲ್ಲೇ. ಕೊಳದ ಬದಿ ಕ, ಮೊಗಸಾಲೆಯ ಅಗಲ ಮ ಎಂದರೆ ಇಡೀ ಕಟ್ಟಡ ಹೀಗೆ: ಕ² + 4ಕಮ + 4ಮ² = (ಕ + 2ಮ)². ನಡುವಿನ ಪದ ಮರೆತವರು ಅರ್ಧ ಸ್ನಾನಗೃಹವನ್ನೇ ಕೆಡವಿದ ಹಾಗಾಯಿತು. 1565ರ ವಿಜಯನಗರದ ಸೂರೆಯಲ್ಲೂ ಅದಕ್ಕೆ ಅಷ್ಟು ಏಟು ಬಿದ್ದಿಲ್ಲ.

ವರ್ಗವನ್ನು ಬಿಡಿಸಿ ಬರೆಯುವುದು ಸಲೀಸು. ರುಚಿ ಇರುವುದು ಮರಳಿ ಕಟ್ಟುವುದರಲ್ಲಿ, ಪುಸ್ತಕದ ಮಾತಿನಲ್ಲಿ ಹೇಳುವುದಾದರೆ ಅಪವರ್ತಿಸುವುದರಲ್ಲಿ. 9ಯ² + 30ಯ + 25 ಎದುರಿಗೆ ಬಂತು ಅನ್ನಿ. ಮೊದಲು ಎರಡು ತುದಿ ನೋಡಬೇಕು: 9ಯ² ಎಂಬುದು 3ಯದ ವರ್ಗ, 25 ಎಂಬುದು 5ರ ವರ್ಗ. ಇಷ್ಟಕ್ಕೇ ಕುಣಿಯಬಾರದು. 3ಯ ಮತ್ತು 5 ಗುಣಿಸಿ ಇಮ್ಮಡಿಸಿದರೆ 30ಯ ಬರಬೇಕು, ಬಂತು. ಹಾಗಾದರೆ (3ಯ + 5)². ನಡುವೆ ಋಣಚಿಹ್ನೆ ಇದ್ದರೆ ಆವರಣದೊಳಗೂ ಋಣ. ಮುಗಿಯಿತು.

ಆದರೆ 4ಯ² + 13ಯ + 9? ತುದಿಗಳೆರಡೂ ಅಚ್ಚುಕಟ್ಟಾದ ವರ್ಗಗಳು. ಅವಸರದವನು (2ಯ + 3)² ಎಂದು ಬರೆದು ಪೆನ್ನು ಮುಚ್ಚುತ್ತಾನೆ. ಪೂರ್ಣ ವರ್ಗವಾಗಿದ್ದರೆ ನಡುವೆ 12ಯ ಇರಬೇಕಿತ್ತು; ಇರುವುದು 13ಯ. ಇದರ ಅಪವರ್ತನಗಳೇ ಬೇರೆ: (ಯ + 1)(4ಯ + 9). ಇಂಥ ಲೆಕ್ಕಗಳನ್ನು ಕಂಡರೆ ನನಗೆ ವಿಶೇಷ ಪ್ರೀತಿ. ಪುಸ್ತಕದ ಅಭ್ಯಾಸಗಳ ಮೇಲೆ ನನಗಿರುವ ತಕರಾರೂ ಇಲ್ಲೇ ಹುಟ್ಟುತ್ತದೆ. ಪೂರ್ಣ ವರ್ಗಗಳನ್ನೆಲ್ಲ ಒಂದೇ ಕಡೆ ಸಾಲಾಗಿ ಕೊಟ್ಟರೆ ಎರಡನೇ ಲೆಕ್ಕಕ್ಕೇ ಹುಡುಗರಿಗೆ ಗುಟ್ಟು ಗೊತ್ತಾಗುತ್ತದೆ. ಆಮೇಲೆ ಅವರು ನಡುವಿನ ಪದದ ಕಡೆ ತಿರುಗಿಯೂ ನೋಡುವುದಿಲ್ಲ. ಹತ್ತರಲ್ಲಿ ನಾಲ್ಕಾದರೂ ಮೋಸದವು ಇರಲಿ.

ಕಾಗದವಿಲ್ಲದೆ ಆಡಲು ಇನ್ನೊಂದಿದೆ: ಇಸವಿಗಳು. ವಿಜಯನಗರ ಮೆರೆದ 1336ರಿಂದ 1565ರ ನಡುವೆ ಪೂರ್ಣ ವರ್ಗವಾದ ವರ್ಷಗಳು ಮೂರೇ ಮೂರು. ರಾಯಚೂರು ಯುದ್ಧದ ಮರುವರ್ಷ 1521. ಅದು 1600 − 80 + 1, ಅಂದರೆ (40 − 1)². ಇಮ್ಮಡಿ ದೇವರಾಯ ಆಳುತ್ತಿದ್ದಾಗಿನ 1444. ಅದು 1600 − 160 + 4. ಮೊದಲ ಬುಕ್ಕನ ಕಾಲದ 1369 ಓದುಗರ ಪಾಲಿಗಿರಲಿ.

ಇಷ್ಟೂ ಆದಮೇಲೆ ಹುಡುಗರು ಕೇಳುವ ಎರಡನೇ ಪ್ರಶ್ನೆ, ‘ಇದರಿಂದ ಏನು ಉಪಯೋಗಾರೀ?’ ಅದಕ್ಕೆ ನಾನು ಮಹಾವೀರಾಚಾರ್ಯನ ಒಂಟೆಗಳನ್ನು ಹೊಡೆದುಕೊಂಡು ಬರುತ್ತೇನೆ. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ, 850ರ ಸುಮಾರಿಗೆ, ‘ಗಣಿತಸಾರಸಂಗ್ರಹ’ ಬರೆದ ಜೈನ ಪಂಡಿತ ಆತ. ಮಹಾನವಮಿ ದಿಬ್ಬದ ಕಲ್ಲಿನಲ್ಲಿ ಒಂಟೆಗಳನ್ನು ಕಂಡ ನಮ್ಮೂರ ಹುಡುಗರಿಗೆ ಈ ಲೆಕ್ಕ ಪರಕೀಯವೇನಲ್ಲ. ಒಂದು ಹಿಂಡಿನ ಕಾಲುಭಾಗ ಕಾಡಿನಲ್ಲಿದೆ. ಹಿಂಡಿನ ವರ್ಗಮೂಲದ ಎರಡರಷ್ಟು ಬೆಟ್ಟದ ತಪ್ಪಲಿಗೆ ಹೋಗಿವೆ. ಹೊಳೆದಂಡೆಯಲ್ಲಿ 15 ಉಳಿದಿವೆ. ಒಟ್ಟು ಎಷ್ಟು?

ವರ್ಗಮೂಲವನ್ನು ಯ ಎನ್ನೋಣ; ಹಿಂಡು ಯ². ಕಾಡಿನವು ಹೋದರೆ ಉಳಿಯುವುದು ಮುಕ್ಕಾಲು. ಅದರಲ್ಲಿ 2ಯ ಕಳೆದರೆ 15. ಭಿನ್ನರಾಶಿಯ ಕಾಟ ತಪ್ಪಿಸಲು ಎಲ್ಲವನ್ನೂ 12ರಿಂದ ಗುಣಿಸಿದರೆ 9ಯ² − 24ಯ = 180. ಈಗ ಎಡಗಡೆ ಗಮನಿಸಿ. ಮೊದಲ ತುದಿ 3ಯದ ವರ್ಗ. ನಡುವಿನ ಪದವೂ ಇದೆ. ಇಲ್ಲದ್ದು ಕೊನೆಯ ತುದಿ. 24ಯದಲ್ಲಿ ಅರ್ಧ 12ಯ. ಅದನ್ನು 3ಯದಿಂದ ಭಾಗಿಸಿದರೆ 4. ಅಂದರೆ ಬೇಕಾದದ್ದು 16. ಎರಡೂ ಕಡೆ 16 ಕೂಡಿಸಿ: (3ಯ − 4)² = 196. 196 ಎಂಬುದು 14ರ ವರ್ಗ. 3ಯ = 18, ಯ = 6, ಒಂಟೆಗಳು 36. ಒಂಬತ್ತು ಕಾಡಿನಲ್ಲಿ, ಹನ್ನೆರಡು ತಪ್ಪಲಲ್ಲಿ, ಹದಿನೈದು ದಂಡೆಯಲ್ಲಿ. −14 ಹಿಡಿದರೆ ಯ ಋಣಸಂಖ್ಯೆಯಾಗುತ್ತದೆ, ಹಿಂಡಿನಲ್ಲಿ ಮುರುಕು ಒಂಟೆ ಬರುತ್ತದೆ, ಅದನ್ನು ಬಿಟ್ಟುಬಿಡಿ.

ಇಲ್ಲಿ ಪೂರ್ಣ ವರ್ಗ ಸಿದ್ಧವಾಗಿ ಸಿಗಲಿಲ್ಲ, ನಾವೇ ಮಾಡಿಕೊಂಡೆವು. ಏನು ಕೂಡಿಸಬೇಕೆಂದು ಹೇಳಿದ್ದು ನಡುವಿನ ಪದ. ಮಹಾವೀರನ ಸೂತ್ರವೂ ವರ್ಗಮೂಲದ ಸಹಗುಣಕವನ್ನು ಅರ್ಧಮಾಡುವುದರಿಂದಲೇ ಕೆಲಸ ಶುರುಮಾಡುತ್ತದೆ. ಹತ್ತನೇ ತರಗತಿಯಲ್ಲಿ ವರ್ಗಸಮೀಕರಣದ ಸೂತ್ರ ಉರುಹೊಡೆಯುವವರು ಅದರೊಳಗೆ ಅಡಗಿರುವ ಈ ಹೆಜ್ಜೆಯನ್ನು ಒಮ್ಮೆ ಕೈಯಾರೆ ಇಟ್ಟು ನೋಡಲಿ.

ಮುಂದಿನ ವಾರಕ್ಕೆ ಎರಡು: 25ಯ² − 40ಯ + 16 ಮತ್ತು 25ಯ² − 41ಯ + 16. ಒಂದು ಪೂರ್ಣ ವರ್ಗ. ಇನ್ನೊಂದು ಅಲ್ಲ, ಹಾಗೆಂದು ಅಪವರ್ತನವೇ ಇಲ್ಲ ಎಂದು ಕೈಬಿಡಬೇಡಿ.