ಕ್ಯಾಮೆರಾ ಬ್ಯಾಗಿನ ಚೀಟಿಗೆ ಬಳ್ಳಾರಿಯ ವ್ಯಾಖ್ಯಾನ

ಅಂಗಡಿಯಲ್ಲಿ ಕ್ಯಾಮೆರಾ ಬ್ಯಾಗಿಗೆ ನೇತುಹಾಕಿರುವ ಚೀಟಿಯಲ್ಲಿ ಬಹಳ ಜನ ಬೆಲೆ ನೋಡಿ ಕೈಬಿಡುತ್ತಾರೆ. ಕಂಪನಿ ಯಾವುದಾದರೂ ಉಳಿದ ಸಾಲುಗಳು ಹೆಚ್ಚುಕಡಿಮೆ ಒಂದೇ. ಅವುಗಳಲ್ಲಿ ಸುಳ್ಳು ಕಡಿಮೆ, ಹೇಳದೆ ಉಳಿಸಿದ್ದು ಹೆಚ್ಚು. ಬಳ್ಳಾರಿ, ಕುರುಗೋಡು, ಸಿರುಗುಪ್ಪಗಳಲ್ಲಿ ಬ್ಯಾಗು ಹೊತ್ತು ತಿರುಗುವವರಿಗಾಗಿ ಆ ಸಾಲುಗಳನ್ನು ಕನ್ನಡದಲ್ಲಿಟ್ಟು ಒಂದೊಂದಾಗಿ ಬಿಡಿಸುತ್ತೇನೆ.

“ಹೊರಬಟ್ಟೆ: 1680 ಡೆನಿಯರ್ ಬ್ಯಾಲಿಸ್ಟಿಕ್ ನೈಲಾನ್.”

9000 ಮೀಟರ್ ನೂಲು ಎಷ್ಟು ಗ್ರಾಂ ತೂಗುತ್ತದೋ ಅಷ್ಟು ಡೆನಿಯರ್. ಅಂದರೆ ಇದು ನೂಲಿನ ದಪ್ಪದ ಲೆಕ್ಕ, ಬ್ಯಾಗಿನ ಆಯುಷ್ಯದ ಲೆಕ್ಕವಲ್ಲ. 1680ರ ಬಟ್ಟೆ ಕಲ್ಲಿಗೆ ಉಜ್ಜಿದರೂ ಸುಲಭಕ್ಕೆ ಸವೆಯುವುದಿಲ್ಲ, ಆದರೆ ಭಾರ. ಒಳ್ಳೆಯ ನೇಯ್ಗೆಯ 500 ಡೆನಿಯರ್ ನೈಲಾನ್ ನಮ್ಮ ತಿರುಗಾಟಕ್ಕೆ ಸಾಕು. ತಳಕ್ಕೆ ಮಾತ್ರ ದಪ್ಪ ಬಟ್ಟೆ ಇರಲಿ. ಹತ್ತಿಯ ಕ್ಯಾನ್ವಾಸ್ ನೋಡಲು ಚೆಂದ, ತೇಪೆ ಹಾಕಲು ಸುಲಭ, ಆದರೆ ನೆನೆದರೆ ನೀರು ಕುಡಿದು ತೂಕ ಏರುತ್ತದೆ.

“ಒತ್ತಡದ ಜಾಗಗಳಲ್ಲಿ ಬಲಪಡಿಸಿದ ಹೊಲಿಗೆ.”

ಚೀಟಿಯ ಅತಿ ಮುಖ್ಯ ಸಾಲು ಇದೇ. ಕಂಪನಿಗಳು ಇದನ್ನು ಸಣ್ಣ ಅಕ್ಷರದಲ್ಲಿ ಹಾಕಿ ಡೆನಿಯರನ್ನು ದೊಡ್ಡದಾಗಿ ಹಾಕುತ್ತವೆ. ಬ್ಯಾಗು ನಡುಬಟ್ಟೆಯಲ್ಲಿ ಹರಿಯುವುದು ಅಪರೂಪ. ಹೆಗಲ ಪಟ್ಟಿ ಬ್ಯಾಗಿನ ಮೈಗೆ ಸೇರುವಲ್ಲಿ, ಮೇಲಿನ ಹಿಡಿಯ ಬುಡದಲ್ಲಿ, ಜಿಪ್ ತಿರುಗುವ ಮೂಲೆಯಲ್ಲಿ ಕಿತ್ತುಬರುತ್ತದೆ.

ಬಳ್ಳಾರಿಯವರಿಗೆ ಇದನ್ನು ಪರೀಕ್ಷಿಸಲು ದೂರದ ಪರಿಣತರು ಬೇಕಿಲ್ಲ. ಇದು ಜೀನ್ಸ್ ಹೊಲಿಯುವ ಊರು. ಪ್ಯಾಂಟಿನ ಬೆಲ್ಟ್ ಲೂಪಿನ ಎರಡು ತುದಿಗೂ, ಜೇಬಿನ ಮೂಲೆಗೂ ಒತ್ತೊತ್ತಾಗಿ ಅಡ್ಡಡ್ಡ ಹಾಕುವ ಬಾರ್‌ಟ್ಯಾಕ್ ಹೊಲಿಗೆಯನ್ನು ಇಲ್ಲಿನ ಮಷಿನ್ ಮುಂದೆ ಕೂತವರು ದಿನವೂ ಹಾಕುತ್ತಾರೆ. ಅದೇ ಹೊಲಿಗೆ ಹೆಗಲ ಪಟ್ಟಿಯ ಬುಡದಲ್ಲಿರಬೇಕು. ಇಲ್ಲವೇ ಚೌಕದೊಳಗೆ ಗುಣಾಕಾರದ ಗುರುತು ಹಾಕಿದಂತಹ ಹೊಲಿಗೆಯಾದರೂ ಇರಬೇಕು. ಒಂದೇ ಗೆರೆ ಓಡಿದ್ದರೆ ಬ್ಯಾಗನ್ನು ಕೆಳಗಿಡಿ. ಆಮೇಲೆ ಒಳಗಿನ ಸ್ಪಂಜಿನ ಪೆಟ್ಟಿಗೆ ತೆಗೆದು ಕೈಹಾಕಿ, ಹೊಲಿಗೆಯಂಚಿಗೆ ಪಟ್ಟಿ ಕಟ್ಟಿದ್ದಾರೋ ಬಟ್ಟೆ ಹಾಗೇ ಎಳೆ ಬಿಡುತ್ತಿದೆಯೋ ನೋಡಿ. ಕೌಲ್ ಬಜಾರಿನಲ್ಲಿ ಹೊಲಿಗೆ ಬಲ್ಲ ಪರಿಚಯದವರಿದ್ದರೆ ಅವರನ್ನೇ ಅಂಗಡಿಗೆ ಕರೆದೊಯ್ಯಿರಿ. ಆರು ಕಿಲೋ ಸಾಮಾನಿಟ್ಟುಕೊಂಡು ಬೈಕಿನಲ್ಲಿ ಸಿರುಗುಪ್ಪ ರಸ್ತೆ ಹಿಡಿದರೆ, ಗುಂಡಿ ಹಾರಿಸಿದ ಪ್ರತಿ ಸಲವೂ ಆ ಹೊಲಿಗೆಯ ಮೇಲೆ ಬೀಳುವ ಎಳೆತ ಆರು ಕಿಲೋಗಿಂತ ಬಹಳ ಹೆಚ್ಚು.

ಜಿಪ್ಪಿನ ಮಾತೂ ಇಲ್ಲೇ ಆಗಲಿ. ರನ್ನರಿನ ಹಿಂದೆ ಸಾಮಾನ್ಯವಾಗಿ 5, 8, 10 ಎಂಬ ಅಂಕಿ ಇರುತ್ತದೆ. ಮುಚ್ಚಿದ ಹಲ್ಲುಗಳ ಅಗಲ ಸುಮಾರು ಅಷ್ಟು ಮಿಲಿಮೀಟರ್. ಮುಖ್ಯ ಬಾಗಿಲಿಗೆ 8 ಅಥವಾ 10 ಇರಲಿ. ಸಂಡೂರು, ತೋರಣಗಲ್ಲು ಕಡೆಯ ಅದಿರು ಲಾರಿಗಳ ಕೆಂಪು ಧೂಳು ಬಹಳ ಸಣ್ಣದು. ಅದು ಹಲ್ಲಿನ ನಡುವೆ ಸೇರಿ ಜಿಪ್ಪನ್ನು ತೇಯುತ್ತದೆ. ಒಣ ಬ್ರಷ್ಷಿನಿಂದ ಉಜ್ಜಿ ತೆಗೆಯಬೇಕು. ಎಣ್ಣೆ ಹಾಕಿದರೆ ಧೂಳು ಇನ್ನೂ ಗಟ್ಟಿಯಾಗಿ ಕೂರುತ್ತದೆ.

“ನೀರು ತಡೆಯುವ ಲೇಪ, ಮಳೆ ಹೊದಿಕೆ ಸಹಿತ.”

ಬಟ್ಟೆಯ ಒಳಮೈಗೆ ಬಳಿದ ಪಾಲಿಯುರೆಥೇನ್ ಲೇಪಕ್ಕೆ ಸೆಖೆ, ತೇವ ಎರಡೂ ಆಗದು. ವರ್ಷಗಳು ಉರುಳಿದಂತೆ ಅಂಟಂಟಾಗಿ ಸಿಪ್ಪೆ ಏಳುತ್ತದೆ. ಹೊದಿಕೆಯೇ ನಿಜವಾದ ರಕ್ಷೆ, ಬಳ್ಳಾರಿಯಲ್ಲಿ ಮಳೆಗಿಂತ ಹೆಚ್ಚಾಗಿ ಧೂಳಿಗೆ. ಒಂದು ಕೊರತೆ ನೆನಪಿರಲಿ: ಹೊದಿಕೆ ಬೆನ್ನ ಭಾಗವನ್ನು ಮುಚ್ಚುವುದಿಲ್ಲ, ಹೆಗಲಿನಿಂದ ಇಳಿದ ನೀರು ಅಲ್ಲಿಂದಲೇ ಒಳಗಿಳಿಯುತ್ತದೆ. ಹೊದಿಕೆ ಬ್ಯಾಗಿಗೆ ಹೊಲಿದಿರದೆ ಕಳಚುವಂತಿದ್ದರೆ ಒಣಗಿಸಲು ಸುಲಭ.

“ಎರಡು ಕ್ಯಾಮೆರಾ, ಐದು ಲೆನ್ಸ್, 15 ಇಂಚಿನ ಲ್ಯಾಪ್‌ಟಾಪ್ ಹಿಡಿಯುತ್ತದೆ.”

ಹಿಡಿಯುವುದು ನಿಜ. ಹೊರುವುದು ಯಾರು? ಫುಲ್‌ಫ್ರೇಮ್ ಕ್ಯಾಮೆರಾ ಮುಕ್ಕಾಲು ಕಿಲೋ ಸುಮಾರು, 70-200 f/2.8 ಲೆನ್ಸ್ ಒಂದರಿಂದ ಒಂದೂವರೆ ಕಿಲೋ, ಖಾಲಿ ಬ್ಯಾಗೇ ಒಂದೂವರೆ ಕಿಲೋ, ಮೇಲೆ ನೀರು. ಬೇಸಿಗೆಯಲ್ಲಿ ಎರಡು ಲೀಟರ್ ನೀರಿಲ್ಲದೆ ಬಳ್ಳಾರಿ ಗುಡ್ಡದ ಕೋಟೆ ಹತ್ತಬಾರದು. ಬಾಟಲಿಗೆ ಜಾಗವಿಲ್ಲದೆ ಐದನೇ ಲೆನ್ಸಿಗೆ ಜಾಗವಿರುವ ಬ್ಯಾಗನ್ನು ನಾನು ಯಾರಿಗೂ ಕೊಳ್ಳಲು ಹೇಳುವುದಿಲ್ಲ.

1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಹಂಪಿಯ ಅವಶೇಷಗಳನ್ನು ದೊಡ್ಡ ಕಾಗದದ ನೆಗೆಟಿವ್‌ಗಳಲ್ಲಿ ಸೆರೆಹಿಡಿದರು. ಆ ಕಾಲದ ಪೆಟ್ಟಿಗೆ ಕ್ಯಾಮೆರಾವನ್ನು ಒಬ್ಬರೇ ಬೆನ್ನಿಗೇರಿಸಿ ನಡೆಯುವಂತಿರಲಿಲ್ಲ. ನಮಗೆ ಆ ಕಷ್ಟ ತಪ್ಪಿದೆ. ಅದನ್ನು ಮತ್ತೆ ತಂದುಕೊಳ್ಳಬೇಕಿಲ್ಲ. ಸಿರುಗುಪ್ಪ ತಾಲ್ಲೂಕಿನ ನಿಟ್ಟೂರು, ಉದೇಗೋಳದ ಅಶೋಕನ ಶಾಸನಗಳನ್ನು ತೆಗೆಯಲು ಒಂದೇ ಲೆನ್ಸ್ ಸಾಕು. ಅಲ್ಲಿ ಬೇಕಾದದ್ದು ಅಕ್ಷರದ ಕುಳಿಗೆ ಓರೆಯಾಗಿ ಬೀಳುವ ಬೆಳಗಿನ ಅಥವಾ ಸಂಜೆಯ ಬಿಸಿಲು.

“ಗಾಳಿಯಾಡುವ ಬೆನ್ನುಮೆತ್ತೆ, ಎದೆಪಟ್ಟಿ, ಸೊಂಟಪಟ್ಟಿ.”

ಸೊಂಟಪಟ್ಟಿ ಎರಡು ಬಗೆ. ಬರೀ ತೆಳ್ಳನೆ ಪಟ್ಟಿಯಾದರೆ ಬ್ಯಾಗು ಓಲಾಡದಂತೆ ಹಿಡಿದಿಡುತ್ತದೆ, ಅಷ್ಟೇ. ಮೆತ್ತೆಯಿರುವ ಅಗಲ ಪಟ್ಟಿ ಸೊಂಟದ ಮೂಳೆಯ ಮೇಲಂಚಿನ ಮೇಲೆ ಕೂತು, ಹೆಗಲ ಭಾರದ ಹೆಚ್ಚಿನ ಪಾಲನ್ನು ಕಾಲುಗಳಿಗೆ ದಾಟಿಸುತ್ತದೆ. ಎರಡನೆಯದನ್ನೇ ಆರಿಸಿ. ಆದರೆ ಅದು ಸೊಂಟದ ಮೇಲೆ ಕೂರಬೇಕಾದರೆ ಬ್ಯಾಗಿನ ಉದ್ದ ನಿಮ್ಮ ಬೆನ್ನಿಗೆ ಹೊಂದಬೇಕು. ಕತ್ತು ಬಗ್ಗಿಸಿದಾಗ ಉಬ್ಬಿ ಕಾಣುವ ಮೂಳೆಯಿಂದ ಸೊಂಟದ ಮೂಳೆಯವರೆಗೆ ಟೇಪು ಹಿಡಿಸಿ ಅಳೆದುಕೊಳ್ಳಿ. ಗಿಡ್ಡ ಬೆನ್ನಿನವರಿಗೆ ದೊಡ್ಡ ಬ್ಯಾಗಿನ ಪಟ್ಟಿ ಹೊಟ್ಟೆಯ ಕೆಳಗೆ ಜಾರಿ ಯಾವ ಉಪಕಾರವನ್ನೂ ಮಾಡುವುದಿಲ್ಲ. ಹೆಂಗಸರಿಗೆ ಎದೆಪಟ್ಟಿ ಮೇಲೆ ಕೆಳಗೆ ಸರಿಯುವಂತಿರಲೇಬೇಕು.

ಅಂಗಡಿಯಲ್ಲಿ ತುಂಬಿಟ್ಟ ಕಾಗದದ ಉಂಡೆ ತೆಗೆಸಿ, ನಿಮ್ಮದೇ ಕ್ಯಾಮೆರಾ, ಲೆನ್ಸ್ ಹಾಕಿ, ಕಾಲು ಗಂಟೆ ನಡೆದು, ಮೆಟ್ಟಿಲು ಹತ್ತಿಳಿದು ನೋಡಿ. ಸಂಗನಕಲ್ಲು–ಕಪ್ಪಗಲ್ಲಿನ ಹಿರೇಗುಡ್ಡದಲ್ಲಿ ನವಶಿಲಾಯುಗದವರು ಕಪ್ಪು ಬಂಡೆಗಳ ಮೇಲೆ ಕುಟ್ಟಿ ಬಿಡಿಸಿದ ದನ, ಮನುಷ್ಯರ ಚಿತ್ರಗಳನ್ನು ನೋಡಬೇಕಾದರೆ ಬಂಡೆಯಿಂದ ಬಂಡೆಗೆ ಕೈಯೂರಿ ಹತ್ತಬೇಕು. ಒಂದೇ ಹೆಗಲಿಗೆ ತೂಗುವ ಬ್ಯಾಗು ಅಲ್ಲಿ ಮುಂದಕ್ಕೆ ಜೋಲಿ ಹೊಡೆದು ಆಯ ತಪ್ಪಿಸುತ್ತದೆ. ಬಳ್ಳಾರಿಯ ಬೀದಿಗಳಲ್ಲಿ ಅದೇ ಬ್ಯಾಗು ಅನುಕೂಲ. ಒಂದನ್ನೇ ಕೊಳ್ಳುವುದಾದರೆ ಬೆನ್ನಿಗೆ ಹಾಕುವುದನ್ನೇ ಕೊಳ್ಳಿ.

“ಬೆನ್ನ ಕಡೆಯಿಂದ ತೆರೆಯುತ್ತದೆ.”

ಈ ಸಾಲಿಗೆ ಸ್ವಲ್ಪ ಹೆಚ್ಚು ದುಡ್ಡು ಕೊಟ್ಟರೂ ನಷ್ಟವಿಲ್ಲ. ಕುರುಗೋಡಿನ ದೊಡ್ಡಬಸವೇಶ್ವರನ ತೇರಿನ ದಿನ, ಹಿಂದೆ ನಿಂತವರ ಕೈಗೆ ಬ್ಯಾಗಿನ ಬಾಯಿ ಸಿಗುವುದಿಲ್ಲ. ಸಿರುಗುಪ್ಪದ ಎರೆ ಹೊಲದಲ್ಲಿ ಮಳೆ ಬಿದ್ದ ಮೇಲೆ ಬೆನ್ನ ಭಾಗ ಮೇಲಾಗಿ ಬ್ಯಾಗು ಕೆಳಗಿಟ್ಟರೆ ಹೊರಮೈಗೆ ಮಾತ್ರ ಕೆಸರು ಮೆತ್ತುತ್ತದೆ. ಬೆನ್ನಿಗೆ ತಾಗುವ ಭಾಗ ಚೊಕ್ಕಟವಾಗಿ ಉಳಿಯುತ್ತದೆ. ಮುಂದಿನಿಂದ ತೆರೆಯುವ ಬ್ಯಾಗಿನಲ್ಲಿ ಕೆಸರು ಹತ್ತುವುದು ಬೆನ್ನುಮೆತ್ತೆಗೆ, ಅಲ್ಲಿಂದ ನಿಮ್ಮ ಅಂಗಿಗೆ.

ಒಳಗಿನ ಅಡ್ಡಗೋಡೆಗಳು ವೆಲ್ಕ್ರೊ ಆಗಿರಲಿ, ಮೇಲ್ಮುಚ್ಚಳಕ್ಕೆ ವೆಲ್ಕ್ರೊ ಬೇಡ. ಸಿರುಗುಪ್ಪ ಸೀಮೆಯ ಬಯಲು ಕರ್ನಾಟಕದಲ್ಲಿ ಎರೆಭೂತ ಹಕ್ಕಿಗೆ ಉಳಿದಿರುವ ಕೊನೆಯ ನೆಲೆಗಳಲ್ಲಿ ಒಂದು. ಅಳಿವಿನ ಅಂಚಿನಲ್ಲಿರುವ ಆ ಹಕ್ಕಿಯ ಬಯಲಿನಲ್ಲಿ ಪರ್ರನೆ ವೆಲ್ಕ್ರೊ ಕೀಳುವ ಸದ್ದು ಬರಕೂಡದು. ರಸ್ತೆ ಬಿಟ್ಟು ಹುಲ್ಲಿಗಿಳಿದು ಹತ್ತಿರ ಹೋಗುವುದಂತೂ ಬೇಡವೇ ಬೇಡ. ಚಿತ್ರ ಸಿಗದಿದ್ದರೆ ಸಿಗದಿರಲಿ.

“ವಿಮಾನದ ಕ್ಯಾಬಿನ್ ಅಳತೆ.”

ದೇಶದೊಳಗಿನ ಹಾರಾಟದಲ್ಲಿ ಸಾಮಾನ್ಯವಾಗಿ 55×35×25 ಸೆಂಟಿಮೀಟರ್, 7 ಕಿಲೋ ಮಿತಿ. ಚಿಕ್ಕ ಎಟಿಆರ್ ವಿಮಾನಗಳ ತಲೆಯ ಮೇಲಿನ ಗೂಡು ಕಿರಿದು, ಇನ್ನೂ ತೆಳ್ಳಗಿನ ಬ್ಯಾಗೇ ಲೇಸು. ಬಿಡಿ ಬ್ಯಾಟರಿಗಳು ಕೈಚೀಲದಲ್ಲೇ ಇರಬೇಕು, ಲಗೇಜಿಗೆ ಹಾಕುವಂತಿಲ್ಲ.

“ಬಣ್ಣ: ಕಪ್ಪು.”

ಬಹಳಷ್ಟು ಕ್ಯಾಮೆರಾಗಳ ಕೈಪಿಡಿಯಲ್ಲಿ ಕೆಲಸದ ತಾಪದ ಮಿತಿ 40 ಡಿಗ್ರಿ ಎಂದಿರುತ್ತದೆ. ಏಪ್ರಿಲ್, ಮೇ ತಿಂಗಳ ಬಳ್ಳಾರಿ ನೆರಳಿನಲ್ಲೇ ಅದನ್ನು ದಾಟುತ್ತದೆ. ಬಿಸಿಲಿಗಿಟ್ಟ ಕಪ್ಪು ಬ್ಯಾಗಿನ ಒಳಗೆ ಇನ್ನೂ ಹೆಚ್ಚು. ಬೂದಿ ಅಥವಾ ಮರಳಿನ ಬಣ್ಣದ್ದು ಸಿಕ್ಕರೆ ಅದನ್ನೇ ಕೇಳಿ ತೆಗೆದುಕೊಳ್ಳಿ. ಕೆಂಪು ಧೂಳೂ ಅದರ ಮೇಲೆ ಅಷ್ಟಾಗಿ ಎದ್ದು ಕಾಣದು.

“ಗ್ಯಾರಂಟಿ: ತಯಾರಿಕೆಯ ದೋಷಕ್ಕೆ ಮಾತ್ರ, ಸವೆತಕ್ಕೆ ಇಲ್ಲ.”

ಸವೆಯುವುದೋ ಖಂಡಿತ. ಹಾಗಾಗಿ ಸವೆದದ್ದನ್ನು ನಮ್ಮ ಊರಲ್ಲೇ ಸರಿಮಾಡಿಸಬಹುದೇ ಎಂದು ಮೊದಲೇ ನೋಡಿಕೊಳ್ಳಬೇಕು. ರೂಢಿಯ ಅಳತೆಯ ರನ್ನರ್ ಆದರೆ ಬ್ಯಾಗು ರಿಪೇರಿಯವರು ಕೂತಲ್ಲೇ ಬದಲಿಸಿಕೊಡುತ್ತಾರೆ. ಕಂಪನಿಯದೇ ವಿಶೇಷ ಕೊಂಡಿ, ಹೊಲಿಗೆಯೊಳಗೆ ಸೇರಿಹೋದ ಬಕಲ್ ಇದ್ದರೆ ಅವರ ಕೈಕಟ್ಟಿದಂತೆ. ಅಡ್ಡಗೋಡೆಯ ಸ್ಪಂಜನ್ನು ಹೆಬ್ಬೆರಳಿನಿಂದ ಒತ್ತಿ. ತಟ್ಟನೆ ಮೇಲೇಳದಿದ್ದರೆ ಅದರ ಕಸುವು ಅಂಗಡಿಯಲ್ಲೇ ಮುಗಿದಿದೆ. ಒಗೆದ ಮೇಲೆ ನೆರಳಲ್ಲಿ ಒಣಗಿಸಿ, ಬಿಸಿಲು ನೈಲಾನಿನ ಎಳೆಯನ್ನು ಪೆಡಸುಮಾಡುತ್ತದೆ. ಗದ್ದೆಗಳ ತೇವದಲ್ಲಿ ತಿರುಗಿ ಬಂದ ದಿನ ಕ್ಯಾಮೆರಾ, ಲೆನ್ಸುಗಳನ್ನು ಬ್ಯಾಗಿನಲ್ಲೇ ಮಲಗಿಸದೆ ಹೊರತೆಗೆದಿಡಿ; ತೇವ ಹಿಡಿದ ಸ್ಪಂಜಿನ ಪಕ್ಕದಲ್ಲಿಯೇ ಲೆನ್ಸಿಗೆ ಬೂಷ್ಟು ಹತ್ತುವುದು.